ಮೂಲದ ಆಯ್ಕೆ: ರೀಮಿಕ್ಸ್ ಕುರಿತು ಒಂದು ಸಂವಾದ

ಗಾಯಕಿ: ಈಗಾಗಲೇ ಜನರ ಕಿವಿ ಸೇರಿರುವ ಹಾಡೊಂದನ್ನು ಬಿಡಿಸಿ ಮತ್ತೆ ಕಟ್ಟುವ ಕೆಲಸಕ್ಕೆ ರೀಮಿಕ್ಸ್ ಎನ್ನುತ್ತಾರೆ, ಕುಣಿಯುವವರಿಗೆಂದೇ ಯಂತ್ರವಾದ್ಯಗಳಿಂದ ರೂಪುಗೊಂಡ ಎಲೆಕ್ಟ್ರಾನಿಕ್ ನೃತ್ಯಸಂಗೀತದಲ್ಲಿ ಆ ಕೆಲಸ ಸ್ವತಂತ್ರ ಕಲೆಯಾಗಿಯೇ ಬೆಳೆದಿದೆ ಎಂಬುದನ್ನು ಒಪ್ಪಿಕೊಂಡರೂ ಒಂದು ಅನುಮಾನ ಉಳಿಯುತ್ತದೆ. ಹಾಡು ಚೆನ್ನಾಗಿದ್ದರೆ ಅದನ್ನು ಬಿಚ್ಚುವ ಅಗತ್ಯವೇನು, ಚೆನ್ನಾಗಿಲ್ಲದಿದ್ದರೆ ಅದನ್ನು ಆರಿಸಿಕೊಳ್ಳುವುದಾದರೂ ಏಕೆ?

ತಂತ್ರಜ್ಞ: ಹಾಡು ಬಿಡಿಸಲಾಗದ ಒಂದು ಇಡಿ ಎಂಬ ಎಣಿಕೆ ಆ ಪ್ರಶ್ನೆಯೊಳಗಿದೆ. ರೀಮಿಕ್ಸ್ ಮಾಡುವವರ ಕಿವಿಗೆ ಅದು ಪದರಪದರವಾಗಿ ಕೇಳಿಸುತ್ತದೆ. ಕಂಠ, ತಾಳವಾದ್ಯ, ಮಂದ್ರದ ಬೇಸ್, ಹಿನ್ನೆಲೆಯ ಕೀಬೋರ್ಡ್ ಎಂದು ಬೇರೆಬೇರೆಯಾಗಿ ಇರಿಸಿಕೊಂಡ ಒಂದೊಂದು ಪದರಕ್ಕೂ ಸ್ಟೆಮ್ ಎಂಬ ಹೆಸರಿದೆ. ಈ ಪದರಗಳಲ್ಲಿ ಯಾವುದು, ಅದರಲ್ಲಿಯೂ ಯಾವ ಕೆಲವು ಕ್ಷಣಗಳು, ಸುತ್ತಲಿನ ಆಸರೆಯೆಲ್ಲ ಕಳಚಿದ ಮೇಲೂ ನಿಲ್ಲಬಲ್ಲವು, ಹತ್ತಾರು ಬಾರಿ ಮರಳಿ ಬಂದರೂ ಸವೆಯದೆ ಉಳಿಯಬಲ್ಲವು ಎಂದು ಗುರುತಿಸುವುದೇ ಮೂಲದ ಆಯ್ಕೆ. ಎಲ್ಲ ಅಂಗಗಳೂ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡ ಸರ್ವಾಂಗಸುಂದರ ಹಾಡು ಅನೇಕ ಸಲ ಈ ಕೆಲಸಕ್ಕೆ ಒಗ್ಗುವುದೇ ಇಲ್ಲ, ಏಕೆಂದರೆ ಅದರ ಒಂದು ಎಳೆಯನ್ನು ಎಳೆದರೆ ಉಳಿದದ್ದರ ಅರ್ಥವೂ ಸಡಿಲವಾಗುತ್ತದೆ.

ಗಾಯಕಿ: ಕಳಚುವುದರಿಂದ ಆರಂಭವಾಗುವ ಕಲೆ ಎಂದಾಯಿತು. ಇದು ಇಂದಿನ ಕಂಪ್ಯೂಟರ್ ತಂದ ಅನುಕೂಲವೇ, ಅಥವಾ ಮೊದಲಿನಿಂದಲೂ ಹೀಗೆಯೇ ಇತ್ತೇ?

ತಂತ್ರಜ್ಞ: ಮೊದಲಿನಿಂದಲೂ ಹೀಗೆಯೇ ಇತ್ತು. ಜಮೈಕಾದಲ್ಲಿ 1960ರ ದಶಕದ ಕೊನೆಯ ಹೊತ್ತಿಗೆ, ಭಾರಿ ಧ್ವನಿವರ್ಧಕಗಳನ್ನು ಬಯಲಿನಲ್ಲಿಟ್ಟು ನಡೆಸುತ್ತಿದ್ದ ಕುಣಿತದ ಕೂಟಗಳಲ್ಲಿ ಕಂಠವನ್ನು ತೆಗೆದುಹಾಕಿದ ತಟ್ಟೆಗಳು ಬಹಳ ಜನಪ್ರಿಯವಾದವು. ರೇಡಿಯೊ ಮತ್ತು ವಿದ್ಯುತ್ ಉಪಕರಣಗಳ ದುರಸ್ತಿಯಲ್ಲಿ ಪಳಗಿದ್ದ, ಕಿಂಗ್ ಟಬಿ ಎಂದು ಖ್ಯಾತರಾದ ಓಸ್ಬರ್ನ್ ರಡಕ್ ಅವರು ಅಂಥ ಮುದ್ರಣಗಳಲ್ಲಿ ಡ್ರಮ್ ಮತ್ತು ಬೇಸನ್ನು ಮುಂದೆ ತಂದು, ಕಂಠದ ಚೂರುಗಳನ್ನು ಮಾತ್ರ ಪ್ರತಿಧ್ವನಿಯೊಡನೆ ಬಿಟ್ಟುಬಿಟ್ಟು ಡಬ್ ಎಂಬ ಶೈಲಿಯನ್ನು ಬೆಳೆಸಿದರು. ನ್ಯೂಯಾರ್ಕಿನಲ್ಲಿ 1976ರಲ್ಲಿ ಸಾಲ್ಸೋಲ್ ಸಂಸ್ಥೆ ಡಬಲ್ ಎಕ್ಸ್‌ಪೋಷರ್ ತಂಡದ ‘ಟೆನ್ ಪರ್ಸೆಂಟ್’ ಹಾಡಿನ ಮೂಲ ಟೇಪುಗಳನ್ನು ವಾಲ್ಟರ್ ಗಿಬನ್ಸ್ ಎಂಬ ಡಿಜೆಯ ಕೈಗೆ ಒಪ್ಪಿಸಿದಾಗ, ಅವರು ಅದನ್ನು ಒಂಬತ್ತು ನಿಮಿಷಕ್ಕೂ ಮಿಕ್ಕಿದ ಕೃತಿಯಾಗಿ ಹಿಗ್ಗಿಸಿದ್ದು ಹೊಸ ವಾದ್ಯ ಸೇರಿಸಿ ಅಲ್ಲ. ತಾಳವಾದ್ಯಗಳು ತಮ್ಮಷ್ಟಕ್ಕೆ ಉಳಿಯುವ ಭಾಗಗಳನ್ನು ಬಿಡಿಸಿ, ಬೆಳೆಸಿ ಹಿಗ್ಗಿಸಿದರು. ಹನ್ನೆರಡು ಅಂಗುಲದ ಸಿಂಗಲ್ ತಟ್ಟೆಯಾಗಿ ಸಾರ್ವಜನಿಕ ಮಾರಾಟಕ್ಕೆ ಬಂದ ಮೊದಲ ಮುದ್ರಣವೆಂದು ಅದನ್ನೇ ಹೇಳುತ್ತಾರೆ. ಈ ಇಬ್ಬರಿಗೂ ಮುಖ್ಯವಾಗಿದ್ದ ಪ್ರಶ್ನೆ ಒಂದೇ: ಏನನ್ನು ತೆಗೆದರೆ ಉಳಿದದ್ದು ಬಲವಾಗಿ ಕೇಳಿಸುತ್ತದೆ?

ಗಾಯಕಿ: ಆಸರೆಯಿಲ್ಲದೆ ನಿಲ್ಲುವುದು ಎಂದರೆ ಏನೆಂದು ಒಂದು ಉದಾಹರಣೆಯಿಂದ ಬಿಡಿಸಿ ಹೇಳಬಹುದೇ? ಕಂಠ ಎಂದೊಡನೆ ಎಲ್ಲ ಕಂಠವೂ ಹಾಗೆ ನಿಲ್ಲುವುದಿಲ್ಲವಷ್ಟೆ.

ತಂತ್ರಜ್ಞ: ಸುಜಾನ್ ವೇಗಾ ಅವರ 1987ರ ಆಲ್ಬಮ್ಮಿನಲ್ಲಿರುವ ‘ಟಾಮ್ಸ್ ಡೈನರ್’ ಇದಕ್ಕೆ ತಕ್ಕ ನಿದರ್ಶನ. ಅದು ಅಕಾಪೆಲ್ಲಾ, ಅಂದರೆ ಯಾವ ವಾದ್ಯದ ಬೆಂಬಲವೂ ಇಲ್ಲದ ಬರಿಯ ಕಂಠ. ಸ್ವರಗಳು ಕಿರಿದಾದ ವ್ಯಾಪ್ತಿಯಲ್ಲಿಯೇ ಸುಳಿಯುವುದರಿಂದ ಅದರ ಕೆಳಗೆ ಹಲವು ಬಗೆಯ ಸ್ವರಮೇಳಗಳನ್ನಿಟ್ಟರೂ ಸಲ್ಲುತ್ತದೆ, ಮತ್ತು ಮಾತುಗಳು ಸಣ್ಣಸಣ್ಣ ಸಮಾನ ತುಂಡುಗಳಾಗಿ ಬೀಳುವುದರಿಂದ ತಾಳ ಹಾಡಿನ ಒಳಗೇ ಇದೆ. ಡಿಎನ್ಎ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದ ಇಂಗ್ಲೆಂಡಿನ ಇಬ್ಬರು 1990ರಲ್ಲಿ ಈ ಕಂಠದ ಅಡಿಗೆ ಸೋಲ್ ಟು ಸೋಲ್ ತಂಡದ ತಾಳವೊಂದನ್ನು ಕೂಡಿಸಿದರು. ಅನುಮತಿಯಿಲ್ಲದೆ ಹೊರಬಂದ ಆ ಮುದ್ರಣವನ್ನು ಧ್ವನಿಮುದ್ರಣ ಸಂಸ್ಥೆ ಕೊನೆಗೆ ತಾನೇ ಪಡೆದು ಪ್ರಕಟಿಸಿತು, ಬ್ರಿಟನ್ನಿನ ಪಟ್ಟಿಯಲ್ಲಿ ಅದು ಎರಡನೆಯ ಸ್ಥಾನದವರೆಗೆ ಏರಿತು. ಇಲ್ಲಿ ಗಮನಿಸಬೇಕಾದದ್ದು ಅವರು ಪಲ್ಲವಿಯಾಗಿ ಆರಿಸಿಕೊಂಡ ಭಾಗ: ಮೂಲದಲ್ಲಿ ಮಾತುಗಳೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಅರ್ಥವಿಲ್ಲದ ಉಲಿಯಾಗಿ ಬರುವ ಸ್ವರಸಾಲೊಂದನ್ನು ಅವರು ಎತ್ತಿ ಮುಂದಿಟ್ಟು ಮತ್ತೆಮತ್ತೆ ಮರಳಿಸಿದರು. ಕಥೆ ಹೇಳುವ ಚರಣಗಳು ಮರಳಿ ಬಂದರೆ ಬೇಸರ ತರಿಸುತ್ತವೆ, ಅರ್ಥದ ಭಾರವಿಲ್ಲದ ಆ ಬಾಲಕ್ಕೆ ಅಂಥ ಅಪಾಯವಿಲ್ಲ.

ಗಾಯಕಿ: ಹೆಸರಾದ ಸಾಲನ್ನು ಬಿಟ್ಟು ಯಾರೂ ಲಕ್ಷ್ಯ ಕೊಡದ ಬಾಲವನ್ನು ಹಿಡಿಯುವುದು ಒಂದು ಸೂತ್ರವೇ ಆಗಿಬಿಡಬಹುದಲ್ಲ?

ತಂತ್ರಜ್ಞ: ಸೂತ್ರವಾದ ಕೂಡಲೇ ಅದು ಕೆಡುತ್ತದೆ. ಆದರೂ ಪ್ರಸಿದ್ಧವಾದ ಸಾಲಿಗೆ ಒಂದು ತೊಡಕಿದೆ ಎಂಬುದು ನಿಜ. ಅದು ಕೇಳುಗರ ನೆನಪಿನಲ್ಲಿ ತನ್ನ ಹಳೆಯ ವಾದ್ಯವೃಂದವನ್ನೂ ಹೊತ್ತು ತರುವುದರಿಂದ ಹೊಸ ತಾಳ ಅದರ ಮುಂದೆ ಸದಾ ಅತಿಥಿಯಾಗಿಯೇ ಉಳಿಯುತ್ತದೆ. ಅಲ್ಪ ಪರಿಚಿತವಾದ, ಆದರೆ ಒಳಗೆ ವೈವಿಧ್ಯವುಳ್ಳ ತುಣುಕು ದೂರ ಸಾಗುತ್ತದೆ. ವಿನ್‌ಸ್ಟನ್ಸ್ ತಂಡ 1969ರಲ್ಲಿ ಒಂದು ತಟ್ಟೆಯ ಹಿಂಬದಿಗೆಂದು ಮುದ್ರಿಸಿದ ‘ಅಮೆನ್, ಬ್ರದರ್’ ಎಂಬ ವಾದ್ಯಕೃತಿಯ ನಡುವೆ ಉಳಿದ ವಾದ್ಯಗಳೆಲ್ಲ ನಿಂತು ಗ್ರೆಗರಿ ಕೋಲ್ಮನ್ ಅವರ ಡ್ರಮ್ ಒಂದೇ ನಾಲ್ಕು ಆವರ್ತ ನುಡಿಯುತ್ತದೆ. ಹೀಗೆ ತಾಳವಾದ್ಯ ಒಂಟಿಯಾಗಿ ಕೇಳಿಸುವ ಭಾಗಕ್ಕೆ ಬ್ರೇಕ್ ಎನ್ನುತ್ತಾರೆ. ಒಟ್ಟು ಸುಮಾರು 7 ಸೆಕೆಂಡುಗಳ ಈ ತುಣುಕಿನಿಂದ ಬ್ರಿಟನ್ನಿನ ಜಂಗಲ್ ಮತ್ತು ಡ್ರಮ್ ಅಂಡ್ ಬೇಸ್ ಎಂಬ ಎರಡು ಪ್ರಕಾರಗಳು ತಮ್ಮ ಬೆನ್ನೆಲುಬನ್ನು ಪಡೆದವು.

ಗಾಯಕಿ: ಏಳು ಸೆಕೆಂಡಿನಲ್ಲಿ ಅಷ್ಟೊಂದು ಏನಿರಲು ಸಾಧ್ಯ?

ತಂತ್ರಜ್ಞ: ಮೊದಲ ಎರಡು ಆವರ್ತಗಳು ಒಂದೇ ರೀತಿಯವು, ಅವು ಕಿವಿಗೆ ನಡೆಯನ್ನು ಕಲಿಸುತ್ತವೆ. ಮೂರನೆಯದರಲ್ಲಿ ಸ್ನೇರ್ ಎಂಬ ಚುರುಕು ದನಿಯ ಡ್ರಮ್ಮಿನ ಒಂದು ಪೆಟ್ಟು ನಿರೀಕ್ಷೆಗಿಂತ ಅರ್ಧ ಎಣಿಕೆ ತಡವಾಗಿ ಬೀಳುತ್ತದೆ. ನಾಲ್ಕನೆಯದರಲ್ಲಿ ಮೊದಲ ಎಣಿಕೆಯ ಜಾಗವೇ ಖಾಲಿ, ಅನಂತರ ನಡೆ ಜಾರಿ, ಕಂಚಿನ ತಟ್ಟೆಯ ಹೊಡೆತ ಅವಧಿಗೆ ಮುಂಚೆಯೇ ಬಂದುಬಿಡುತ್ತದೆ. ಸ್ಯಾಂಪ್ಲರ್ ಎಂಬ ಯಂತ್ರ, ಅಂದರೆ ಧ್ವನಿಯ ಚೂರನ್ನು ಹಿಡಿದಿಟ್ಟು ಗುಂಡಿ ಒತ್ತಿದಾಗ ನುಡಿಸುವ ಸಾಧನ, ಕೈಗೆ ಬಂದ ಮೇಲೆ ಈ ನಾಲ್ಕು ಆವರ್ತಗಳನ್ನು ಪೆಟ್ಟುಪೆಟ್ಟಾಗಿ ಕತ್ತರಿಸಿ ಬೇರೆ ಅನುಕ್ರಮದಲ್ಲಿ ಜೋಡಿಸಿದರೆ, ಒಂದೇ ಕೊಠಡಿಯ ಗುಂಯ್‌ಗುಡುವಿಕೆ ಎಲ್ಲ ಚೂರುಗಳಲ್ಲೂ ಹರಡಿರುವುದರಿಂದ ಅವು ಬೇರೆಯವೆನಿಸದೆ, ಹೊಸ ಮಾತನ್ನೇ ಆಡುತ್ತವೆ. ಪುನರಾವರ್ತನೆಯನ್ನು ತಾಳಬಲ್ಲ ಮೂಲವೆಂದರೆ ಇದು. ಅದರಲ್ಲಿ ಒಂದು ನಿಯಮವೂ ಆ ನಿಯಮದ ಉಲ್ಲಂಘನೆಯೂ ಒಟ್ಟಿಗೆ ಇರಬೇಕು. ಮೂಲದ ನಿಮಿಷಕ್ಕೆ ಸುಮಾರು 136 ಬೀಟಿನ ವೇಗವನ್ನು 160ರ ಆಚೆಗೆ ಏರಿಸಿದಾಗಲೂ ಆ ಉಲ್ಲಂಘನೆ ಸ್ಪಷ್ಟವಾಗಿಯೇ ಕೇಳಿಸುತ್ತದೆ.

ಗಾಯಕಿ: ಹಾಗಿದ್ದಲ್ಲಿ ಚೂರು ಸಣ್ಣದಾದಷ್ಟೂ ಒಳ್ಳೆಯದೆಂದು ಭಾವಿಸಬೇಕೇ? ಒಬ್ಬಳು ಹಾಡಿದ್ದನ್ನು ಪೂರ್ಣವಾಗಿ ಉಳಿಸಿಕೊಂಡ ರೀಮಿಕ್ಸ್ ಇಲ್ಲವೇ?

ತಂತ್ರಜ್ಞ: ಎರಡೂ ಇವೆ, ಮತ್ತು ಅವೆರಡೂ ಸರಿ. ಎವೆರಿಥಿಂಗ್ ಬಟ್ ದಿ ಗರ್ಲ್ ಎಂಬ ಜೋಡಿಯ ‘ಮಿಸ್ಸಿಂಗ್’ 1994ರಲ್ಲಿ ಬಂದಾಗ ಹೆಚ್ಚು ಸದ್ದು ಮಾಡಲಿಲ್ಲ. ಟಾಡ್ ಟೆರ್ರಿ ಅವರು ಟ್ರೇಸಿ ಥಾರ್ನ್ ಅವರ ಕಂಠವನ್ನು ಹಾಗೆಯೇ ಇರಿಸಿಕೊಂಡು ಅದರ ಅಡಿಗೆ ಹೌಸ್ ತಾಳವನ್ನು, ಅಂದರೆ ಪ್ರತಿಯೊಂದು ಎಣಿಕೆಗೂ ಸಮನಾಗಿ ಬೀಳುವ ದಪ್ಪ ಪೆಟ್ಟಿನ ನಡೆಯನ್ನು, ಇಟ್ಟ ಮೇಲೆ ಅದು 1995ರಲ್ಲಿ ಬ್ರಿಟನ್ನಿನಲ್ಲಿ ಮೂರನೆಯ ಸ್ಥಾನಕ್ಕೂ ಮರುವರ್ಷ ಅಮೆರಿಕದಲ್ಲಿ ಎರಡನೆಯ ಸ್ಥಾನಕ್ಕೂ ಏರಿತು. ಅಗಲಿದವರ ಹಂಬಲವನ್ನು ಹೇಳುವ ಆ ಕಂಠ ಎಲ್ಲಿಯೂ ಏರುದನಿಗೆ ಹೋಗುವುದಿಲ್ಲವಾದ್ದರಿಂದ ಚುರುಕಾದ ತಾಳದ ಮೇಲೆ ಅದರ ನಿಧಾನ ಇನ್ನೂ ಎದ್ದು ಕಾಣುತ್ತದೆ, ಮತ್ತು ಅದನ್ನು ಚೂರು ಮಾಡಿದ್ದರೆ ಹಂಬಲವೇ ಹರಿದುಹೋಗುತ್ತಿತ್ತು. ಇದಕ್ಕೆ ತೀರ ಎದುರಾಗಿ, ಟೋರಿ ಏಮಸ್ ಅವರು ಹಾರ್ಪ್ಸಿಕಾರ್ಡ್ ವಾದ್ಯದೊಡನೆ ಹಾಡಿದ ಒರಟಾದ ‘ಪ್ರೊಫೆಷನಲ್ ವಿಡೋ’ ಹಾಡಿನಿಂದ ಆರ್ಮಂಡ್ ವಾನ್ ಹೆಲ್ಡನ್ ಒಂದೆರಡು ಸಾಲುಗಳನ್ನಷ್ಟೇ ಎತ್ತಿಕೊಂಡು, ಉಳಿದೆಲ್ಲವನ್ನೂ ತಮ್ಮದೇ ಬೇಸಿನಿಂದ ಕಟ್ಟಿದರು. 1997ರ ಜನವರಿಯಲ್ಲಿ ಅದು ಬ್ರಿಟನ್ನಿನ ಮೊದಲ ಸ್ಥಾನದಲ್ಲಿತ್ತು. ಒಂದು ಹಾಡಿನ ಬಲ ಅದರ ಕಥನದ ಓಟದಲ್ಲಿದೆಯೋ ದನಿಯ ಒಂದು ಅಂಚಿನಲ್ಲಿದೆಯೋ ಎಂಬುದನ್ನು ಮೂಲವೇ ಹೇಳುತ್ತದೆ, ಆರಿಸುವವರು ಆ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಳ್ಳಬೇಕು.

ಗಾಯಕಿ: ಈ ಉದಾಹರಣೆಗಳೆಲ್ಲ ನಾಲ್ಕೆಣಿಕೆಯ ಪಾಶ್ಚಾತ್ಯ ಹಾಡುಗಳವು. ಕರ್ನಾಟಕ ಸಂಗೀತದ ಧ್ವನಿಮುದ್ರಣವೊಂದನ್ನು ಹೀಗೆ ಆರಿಸಿಕೊಂಡರೆ ಕಾಲಪ್ರಮಾಣ, ಶ್ರುತಿ, ಗಮಕ ಇವುಗಳ ಗತಿಯೇನು?

ತಂತ್ರಜ್ಞ: ಮೊದಲು ಕಾಲಪ್ರಮಾಣ. ಹಾಡು ನಿಮಿಷಕ್ಕೆ 104 ಎಣಿಕೆಯ ನಡೆಯಲ್ಲಿದೆ, ನೃತ್ಯದ ತಾಳ 124ರಲ್ಲಿದೆ ಎಂದಿಟ್ಟುಕೊಳ್ಳಬಹುದು. ಟೇಪನ್ನು ಓಡಿಸಿದಂತೆ ಸುಮ್ಮನೆ ವೇಗ ಹೆಚ್ಚಿಸಿದರೆ ನೂರಕ್ಕೆ 19ರಷ್ಟು ಏರಿಕೆಯಾಗುತ್ತದೆ, ಅದರೊಂದಿಗೆ ಶ್ರುತಿಯೂ ಮೂರು ಸ್ವರಸ್ಥಾನ ಮೇಲೇರಿ ಷಡ್ಜ ಸಾಧಾರಣ ಗಾಂಧಾರದ ಜಾಗಕ್ಕೆ ಹೋಗಿ ಕೂರುತ್ತದೆ, ಕಂಠ ಎಳಸಾಗುತ್ತದೆ. ಶ್ರುತಿಯನ್ನು ಹಾಗೆಯೇ ಉಳಿಸಿ ಕಾಲವನ್ನಷ್ಟೇ ಹಿಗ್ಗಿಸುವ ಅಥವಾ ಕುಗ್ಗಿಸುವ ಟೈಮ್ ಸ್ಟ್ರೆಚಿಂಗ್ ಎಂಬ ವಿಧಾನ ಬಳಸಿದರೆ ಆ ತೊಂದರೆ ತಪ್ಪುತ್ತದೆಯಾದರೂ ವ್ಯಂಜನಗಳು ಮೊಟಕಾಗುತ್ತವೆ, ಉಸಿರು ಎಳೆದುಕೊಳ್ಳುವ ಸದ್ದು ತುಂಡಾಗುತ್ತದೆ, ಸೆಕೆಂಡಿಗೆ ನಾಲ್ಕು ಬಾರಿ ತೂಗುವ ಗಮಕ ಸುಮಾರು ಐದು ಬಾರಿ ತೂಗತೊಡಗುತ್ತದೆ. ಆದ್ದರಿಂದ 104ರ ಹಾಡಿಗಿಂತ 62ರ ವಿಳಂಬ ಕಾಲದ ಹಾಡೇ 124ರ ತಾಳಕ್ಕೆ ಹತ್ತಿರದ್ದು. ಹಾಡಿನ ಒಂದು ಎಣಿಕೆಗೆ ಯಂತ್ರದ ಎರಡು ಎಣಿಕೆ ಕೂಡಿದರೆ ಸಾಕು, ಕಂಠವನ್ನು ಮುಟ್ಟಬೇಕಾದ ಅಗತ್ಯವೇ ಬೀಳುವುದಿಲ್ಲ.

ಗಾಯಕಿ: ಕಾಲ ಕೂಡಿದರೂ ಎಡುಪು ಕೂಡಬೇಕಲ್ಲ. ಎಷ್ಟೋ ಕೃತಿಗಳು ತಾಳದ ಮೊದಲ ಎಣಿಕೆಯಲ್ಲಿ ಎತ್ತಿಕೊಳ್ಳದೆ ಅರ್ಧ ಅಥವಾ ಮುಕ್ಕಾಲು ಎಣಿಕೆ ಕಳೆದ ಮೇಲೆ ಎತ್ತಿಕೊಳ್ಳುತ್ತವೆ. ಆ ಎತ್ತುಗಡೆಯ ಜಾಗವೇ ಕೃತಿಯ ನಡಿಗೆಯ ಗುಟ್ಟು.

ತಂತ್ರಜ್ಞ: ಬಹುಪಾಲು ಕೆಲಸ ಕೆಡುವುದು ಅಲ್ಲಿಯೇ. ತಂತ್ರಾಂಶ ಮೊದಲ ಅಕ್ಷರವನ್ನೇ ಮೊದಲ ಎಣಿಕೆಯೆಂದು ತಿಳಿದು ಅದನ್ನು ದಪ್ಪ ಪೆಟ್ಟಿನ ನೆತ್ತಿಗೆ ಒಯ್ದು ಕೂರಿಸುತ್ತದೆ, ಅನಂತರದ ಪ್ರತಿಯೊಂದು ಅಕ್ಷರವೂ ಮುಕ್ಕಾಲು ಎಣಿಕೆ ಹಿಂದಕ್ಕೆ ಸರಿದು ಕೃತಿ ಕುಂಟುತ್ತದೆ. ತಾಳ ಬಲ್ಲವರೊಬ್ಬರು ಕೈಯಲ್ಲಿ ತಾಳ ಹಾಕುತ್ತ ಕೇಳಿ ಸಮವನ್ನು, ಅಂದರೆ ತಾಳದ ಮೊದಲ ಎಣಿಕೆಯನ್ನು, ಗುರುತು ಮಾಡಿಕೊಡದೆ ಅಂಥ ಮೂಲವನ್ನು ಆರಿಸಿಕೊಳ್ಳಲೇಬಾರದು. ಎಂಟೆಣಿಕೆಯ ಆದಿತಾಳ ನಾಲ್ಕರ ನಡೆಗೆ ಸಲೀಸಾಗಿ ಒಪ್ಪುತ್ತದೆ; ಏಳೆಣಿಕೆಯ ಮಿಶ್ರಛಾಪು 28 ಎಣಿಕೆಗೊಮ್ಮೆ ಮಾತ್ರ ಅದರೊಡನೆ ಕೂಡುವುದರಿಂದ, ಆ ಕೂಡಿಕೆಯನ್ನೇ ರಚನೆಯ ಕೀಲಾಗಿ ಇಟ್ಟುಕೊಳ್ಳುವ ಧೈರ್ಯ ಇರುವವರು ಮಾತ್ರ ಅದನ್ನು ಮುಟ್ಟಬೇಕು, ಒಂದು ಎಣಿಕೆ ತುರುಕಿ ಎಂಟಾಗಿಸುವುದಕ್ಕಿಂತ ಬಿಟ್ಟುಬಿಡುವುದು ಮೇಲು. ಗಮಕದ ವಿಷಯದಲ್ಲಿ ರಾಗವೇ ದಾರಿ ತೋರುತ್ತದೆ. ಮೋಹನದ ಐದು ಸ್ವರಗಳ ನಡುವೆ ಎಲ್ಲಿಯೂ ಅರ್ಧಸ್ವರದ ಇಕ್ಕಟ್ಟಿಲ್ಲ, ಹೀಗಾಗಿ ಅದರ ಒಂದು ಪಂಕ್ತಿಯ ಮೇಲೆ ಇನ್ನೊಂದನ್ನು ಹೊದಿಸಿದರೂ ಕರ್ಕಶವೆನಿಸುವುದು ವಿರಳ. ತೋಡಿಯ ಗಾಂಧಾರ ಒಂದು ಸ್ಥಾನದಲ್ಲಿ ನಿಲ್ಲುವ ಸ್ವರವೇ ಅಲ್ಲ, ತೂಗಾಟವೇ ಅದರ ರೂಪ. ಆ ತೂಗಾಟದ ನಡುವೆ ಕತ್ತರಿ ಬಿದ್ದರೆ ಉಳಿಯುವುದು ಗಾಂಧಾರವೂ ಅಲ್ಲ, ತೋಡಿಯೂ ಅಲ್ಲ.

ಗಾಯಕಿ: ಧ್ವನಿಮುದ್ರಣವನ್ನು ಕತ್ತರಿಸದೆ ರಾಗವನ್ನೇ ಮೂಲವಾಗಿ ತೆಗೆದುಕೊಂಡವರು ಯಾರಾದರೂ ಇದ್ದಾರೆಯೇ?

ತಂತ್ರಜ್ಞ: ಮುಂಬಯಿಯ ಚಿತ್ರಸಂಗೀತದಲ್ಲಿ ವಾದ್ಯಗಾರರಾಗಿದ್ದ ಚರಣ್‌ಜಿತ್ ಸಿಂಗ್ ಅವರ 1982ರ ತಟ್ಟೆ ಅಂಥದ್ದು. ಡಿಸ್ಕೋ ತಾಳಕ್ಕೆ ಹತ್ತು ಹಿಂದೂಸ್ತಾನಿ ರಾಗಗಳನ್ನು ರೋಲೆಂಡ್ ಕಂಪನಿಯ ಟಿಆರ್-808 ತಾಳಯಂತ್ರ, ಟಿಬಿ-303 ಬೇಸ್ ಯಂತ್ರ ಮತ್ತು ಜುಪಿಟರ್-8 ಸಿಂಥಸೈಜರ್ ಇಟ್ಟುಕೊಂಡು ಅವರು ನುಡಿಸಿದರು. ಆಗ ಅದು ಹೆಚ್ಚು ಮಾರಾಟವಾಗಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ, ಷಿಕಾಗೋದಲ್ಲಿ ಅದೇ 303ರ ಕೊರೆಯುವ ದನಿಯಿಂದ ಮುಂದೆ ಹುಟ್ಟಿದ ಆಸಿಡ್ ಹೌಸ್ ಶೈಲಿಯನ್ನು ಅದು ಬಹಳವಾಗಿ ಹೋಲುತ್ತದೆಂದು ಕೇಳಿದವರು ಬೆರಗಾದರು. ಹೋಲಿಕೆಗೆ ಕಾರಣ ಸ್ಪಷ್ಟವಾಗಿದೆ. ರಾಗ ತನ್ನ ಆಧಾರ ಷಡ್ಜವನ್ನು ಬಿಟ್ಟು ಕದಲುವುದಿಲ್ಲ, ಸ್ವರಮೇಳಗಳ ಬದಲಾವಣೆ ಅದಕ್ಕೆ ಬೇಕಿಲ್ಲ, ಬೆಳವಣಿಗೆಯೆಲ್ಲ ಸ್ವರಸಮೂಹಗಳ ವಿಸ್ತಾರದಲ್ಲಿದೆ. ರಾತ್ರಿಯಿಡೀ ಒಂದೇ ಆಧಾರದ ಮೇಲೆ ನಡೆಯುವ ನೃತ್ಯಸಂಗೀತಕ್ಕೂ ಬೇಕಾದದ್ದು ಅದೇ.

ಗಾಯಕಿ: ಹಳೆಯ ತಟ್ಟೆಗಳ ಕಡೆಗೂ ಈ ಕಸುಬಿನವರಿಗೆ ಒಲವಿದೆ. ಗೀರುಗೀರಾದ, ದನಿ ಸಣ್ಣಗಾದ ಮುದ್ರಣವನ್ನು ಆರಿಸಿಕೊಳ್ಳುವುದು ಹಳತರ ಮೋಹವಷ್ಟೆಯೇ?

ತಂತ್ರಜ್ಞ: ಮೋಹವೂ ಇದೆ, ಆದರೆ ಗಟ್ಟಿಯಾದ ಕಾರಣವೂ ಇದೆ. ಗೌಹರ್ ಜಾನ್ ಅವರು 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ ಮುದ್ರಿಸಿದ ಕಾಲದಲ್ಲಿ ಮೈಕ್ ಇರಲಿಲ್ಲ. ಕಹಳೆಯೊಂದಕ್ಕೆ ಮುಖವಿಟ್ಟು ಹಾಡಿದರೆ ಆ ದನಿಯ ಬಲದಿಂದಲೇ ಮೇಣದ ಮೇಲೆ ಗೆರೆ ಬೀಳುತ್ತಿತ್ತು. ಕೊನೆಗಾಲದಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು, 1930ರಲ್ಲಿ ಅಲ್ಲಿಯೇ ತೀರಿಕೊಂಡ ಆ ಗಾಯಕಿಯ ಮೊದಲ ತಟ್ಟೆಗಳಲ್ಲಿ ಮಂದ್ರದ ಬಹುಭಾಗವೂ ತಾರದ ತುದಿಯೂ ಸೆರೆಯಾಗಿಲ್ಲ, ನಡುವಿನ ಕಂಠ ಮಾತ್ರ ಉಳಿದಿದೆ. ನೃತ್ಯದ ತಾಳಕ್ಕೆ ಕೆಳಗೆ ದಪ್ಪ ಪೆಟ್ಟಿನ ಜಾಗವೂ ಮೇಲೆ ಕಂಚಿನ ಸದ್ದಿನ ಜಾಗವೂ ಬೇಕು. ಅಂಥ ಮುದ್ರಣ ಎರಡನ್ನೂ ಖಾಲಿ ಬಿಟ್ಟುಕೊಡುತ್ತದೆ. ಇದಕ್ಕೆ ಹೋಲಿಸಿದರೆ, ಒಳ್ಳೆಯ ಸಭಾಂಗಣದಲ್ಲಿ ಮುದ್ರಿತವಾದ ಇಂದಿನ ಕಚೇರಿ ಕಷ್ಟದ ಮೂಲ. ಸಭಾಂಗಣದ ಅನುರಣನ ಕಂಠಕ್ಕೆ ಅಂಟಿಕೊಂಡಿರುತ್ತದೆ, ಪಿಟೀಲು ಅದನ್ನು ನೆರಳಿನಂತೆ ಹಿಂಬಾಲಿಸುತ್ತದೆ, ಮೃದಂಗದ ನಡೆ ಕಂಠದ ಮೈಕಿನಲ್ಲೂ ಸೇರಿಕೊಂಡಿರುತ್ತದೆ.

ಗಾಯಕಿ: ಈಗ ಯಾವ ಹಾಡಿನಿಂದಲಾದರೂ ಕಂಠವನ್ನು ಬೇರ್ಪಡಿಸುವ ತಂತ್ರಾಂಶಗಳು ಬಂದಿವೆಯೆಂದು ಕೇಳಿಬರುತ್ತದೆ.

ತಂತ್ರಜ್ಞ: 2019ರಲ್ಲಿ ಡೀಜರ್ ಸಂಸ್ಥೆ ಸ್ಪ್ಲೀಟರ್ ಎಂಬುದನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟ ಮೇಲೆ ಅದು ಮನೆಮನೆಯ ಮಾತಾಗಿದೆ. ಆದರೆ ಹೀಗೆ ಬೇರ್ಪಟ್ಟ ಕಂಠವನ್ನು ಹೆಡ್‌ಫೋನಿನಲ್ಲಿ ಒಂಟಿಯಾಗಿ ಕೇಳಿದರೆ ‘ಸ’, ‘ಶ’ಗಳ ಮೇಲೆ ಕಂಚಿನ ತಟ್ಟೆಯ ಸಿಪ್ಪೆ ಉಳಿದಿರುವುದೂ, ಸಾಲಿನ ಕೊನೆಯ ಅನುರಣನ ನೀರಿನಲ್ಲಿ ಅದ್ದಿದಂತೆ ಅಲುಗುವುದೂ ತಿಳಿಯುತ್ತದೆ. ತುಂಬಿದ ತಾಳದ ಅಡಿಯಲ್ಲಿ ಈ ದೋಷ ಅಡಗಬಹುದು. ತಾಳ ನಿಂತು ಕಂಠ ಮಾತ್ರ ಉಳಿಯುವ ಘಟ್ಟದಲ್ಲಿ, ಅಂದರೆ ಕುಣಿಯುವವರೆಲ್ಲ ಕಿವಿಗೊಟ್ಟು ನಿಲ್ಲುವ ಕ್ಷಣದಲ್ಲಿಯೇ, ಅದು ಬಯಲಾಗುತ್ತದೆ. ಎಲ್ಲವೂ ಸಿಗುತ್ತದೆ ಎನ್ನುವ ಕಾಲದಲ್ಲಿ ಆಯ್ಕೆ ಹಗುರವಾಗಿದೆ ಎಂದೇನೂ ಇಲ್ಲ, ಬೇಡವೆನ್ನುವ ಕಷ್ಟ ಹೆಚ್ಚಾಗಿದೆ.

ಗಾಯಕಿ: ಇಷ್ಟು ಹೊತ್ತು ಮಾತೆಲ್ಲ ಕಿವಿಯ ಸುತ್ತ ನಡೆಯಿತು. ಆ ಕಂಠ ಯಾರದು ಎಂಬ ಪ್ರಶ್ನೆ ಆಯ್ಕೆಯ ಒಳಗೆ ಬರುವುದಿಲ್ಲವೇ?

ತಂತ್ರಜ್ಞ: ಬರಲೇಬೇಕು, ಮತ್ತು ಮೊದಲೇ ಬರಬೇಕು. ಇಟಲಿಯ ಬ್ಲ್ಯಾಕ್ ಬಾಕ್ಸ್ ತಂಡ 1989ರಲ್ಲಿ ‘ರೈಡ್ ಆನ್ ಟೈಮ್’ ಹಾಡಿಗೆ ಲೊಲಿಯಾಟ ಹಾಲೊವೆ 1980ರಲ್ಲಿ ಹಾಡಿದ ಕಂಠವನ್ನು ಕೇಳದೆ ಎತ್ತಿಕೊಂಡಿತು, ಪರದೆಯ ಮೇಲೆ ಬೇರೊಬ್ಬ ರೂಪದರ್ಶಿ ತುಟಿಯಾಡಿಸಿದರು. ಆರು ವಾರ ಅದು ಬ್ರಿಟನ್ನಿನ ಮೊದಲ ಸ್ಥಾನದಲ್ಲಿತ್ತು. ಕಂಠವನ್ನು ಆರಿಸಿದ ಕಿವಿ ಎಷ್ಟು ಚುರುಕಾಗಿದ್ದರೂ ಹಾಡಿದವಳನ್ನು ಅಳಿಸಿಹಾಕಿದ ಆ ಆಯ್ಕೆ ಅನ್ಯಾಯದ್ದು. ಗ್ರೆಗರಿ ಕೋಲ್ಮನ್ ಅವರಿಗೆ ತಮ್ಮ ಏಳು ಸೆಕೆಂಡುಗಳಿಂದ ಒಂದು ಕಾಸೂ ಬರಲಿಲ್ಲ, 2006ರಲ್ಲಿ ಅವರು ತೀರಿಕೊಂಡರು. 2015ರಲ್ಲಿ ಅಭಿಮಾನಿಗಳು ಕೂಡಿಸಿದ ಸುಮಾರು 24,000 ಪೌಂಡ್ ಸೇರಿದ್ದು ತಂಡದ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್ ಅವರನ್ನು. ಕಾನೂನು ಕೂಡ ಚೂರಿನ ಅಳತೆಯನ್ನು ನೆಪವಾಗಿ ಎಲ್ಲೆಡೆ ಒಪ್ಪುವುದಿಲ್ಲ. ಕ್ರಾಫ್ಟ್‌ವರ್ಕ್ ತಂಡದ 1977ರ ಕೃತಿಯೊಂದರ ಎರಡು ಸೆಕೆಂಡಿನ ತುಣುಕಿನ ಬಗ್ಗೆ ಯೂರೋಪಿನ ನ್ಯಾಯಾಲಯ 2019ರಲ್ಲಿ, ಕಿವಿಗೆ ಗುರುತು ಸಿಗುವಂತಿದ್ದರೆ ಅಷ್ಟು ಚಿಕ್ಕ ತುಣುಕನ್ನೂ ನಿರ್ಮಾಪಕರು ತಡೆಯಬಹುದೆಂದು ಹೇಳಿತು.

ಗಾಯಕಿ: ಪುರಂದರದಾಸರ ಪದಕ್ಕೆ ಯಾರ ಅನುಮತಿಯೂ ಬೇಡ ಎಂದು ವಾದಿಸುವವರಿದ್ದಾರೆ.

ತಂತ್ರಜ್ಞ: ಪದಕ್ಕೆ ಬೇಡ, ಆ ಪದದ ಧ್ವನಿಮುದ್ರಣಕ್ಕೆ ಬೇಕು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಇವು ಬೇರೆಬೇರೆ ಹಕ್ಕುಗಳು, ಮತ್ತು ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಅನಂತರ 60 ವರ್ಷ ಇರುತ್ತದೆ. ಹದಿನಾರನೆಯ ಶತಮಾನದ ಪದವೊಂದನ್ನು ಹತ್ತು ವರ್ಷದ ಹಿಂದೆ ಹಾಡಿದವರ ದನಿ ಹೊಸದೇ. ಆದ್ದರಿಂದ ಪದ ಬೇಕೆನಿಸಿದಾಗ ಮುದ್ರಣವನ್ನು ಕತ್ತರಿಸುವ ಬದಲು ಗಾಯಕರನ್ನು ಕರೆದು ಹೊಸದಾಗಿ ಹಾಡಿಸುವುದು ಶ್ರವಣದ ದೃಷ್ಟಿಯಿಂದಲೂ ನ್ಯಾಯದ ದೃಷ್ಟಿಯಿಂದಲೂ ಉತ್ತಮ. ಅನುರಣನವಿಲ್ಲದ ಕೊಠಡಿ, ತಂಬೂರಿ ಹೆಡ್‌ಫೋನಿನಲ್ಲಿ ಮಾತ್ರ, 62ರ ಕಾಲಪ್ರಮಾಣ, ಸಮ ಎಲ್ಲಿದೆಯೆಂಬ ಗುರುತು. ತಾವು ಅಂಥದ್ದಕ್ಕೆ ಒಪ್ಪುವಿರಾದರೆ ಷರತ್ತುಗಳೇನು?

ಗಾಯಕಿ: ಮೂರು. ಹೆಸರು ತಟ್ಟೆಯ ಮುಖಪುಟದಲ್ಲಿಯೇ ಇರಬೇಕು. ಬಿಡುಗಡೆಗೆ ಮುನ್ನ ಪೂರ್ತಿ ಕೇಳಿಸಬೇಕು. ಸ್ವರವನ್ನು ಯಂತ್ರದಿಂದ ತಿದ್ದಬಾರದು ಮತ್ತು ಗಮಕದ ನಡುವೆ ಎಲ್ಲಿಯೂ ಕತ್ತರಿಸಬಾರದು.

ತಂತ್ರಜ್ಞ: ಮೊದಲೆರಡಕ್ಕೆ ತಕರಾರಿಲ್ಲ, ಸ್ವರ ತಿದ್ದುವ ಮಾತಂತೂ ಇಲ್ಲವೇ ಇಲ್ಲ. ಆದರೆ ಕತ್ತರಿಯನ್ನೇ ನಿಷೇಧಿಸಿದರೆ ಲೂಪ್, ಅಂದರೆ ಸುತ್ತಿ ಬರುವ ತುಣುಕು, ಸಾಧ್ಯವಾಗುವುದಿಲ್ಲ. ಸಾಲಿನ ಕೊನೆಯಲ್ಲಿ ಪಂಚಮದ ಮೇಲೆ ನಿಂತ ದನಿಯನ್ನಾದರೂ ಕತ್ತರಿಸುವ ಅವಕಾಶ ಇರಬೇಕು.

ಗಾಯಕಿ: ಪಂಚಮ ಅಲುಗುವುದಿಲ್ಲ, ಅಲ್ಲಿ ಕತ್ತರಿಸಬಹುದು, ಉಳಿದ ಜಾಗಗಳನ್ನು ಒಂದೊಂದಾಗಿ ಕೂತು ಕೇಳಿ ತೀರ್ಮಾನಿಸಬೇಕಾಗುತ್ತದೆ.